ಟಿವಿ ಅಗ್ಗ ಆಯ್ತು, ಡಿಜೆಗೆ ಕಡಿವಾಣ ಬಿತ್ತು: ಬಳ್ಳಾರಿಯ ಬಾಕ್ಸ್ ಮಾಡೋರು ಮನೆ ಸ್ಪೀಕರ್ ಕಡೆ ತಿರುಗ್ತಾರಾ?

ಬಳ್ಳಾರಿ: ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ದಸರಾ, ದೀಪಾವಳಿ ಸೀಸನ್ ಬೇರೆ. ದೊಡ್ಡ ಟಿವಿ ತಗೊಂಡೋರು ಅದರ ಜೊತೆಗೇ ಒಂದು ಸೌಂಡ್‌ಬಾರ್ ಕೂಡ ಕಂತಿನಲ್ಲಿ ತಗೊಂಡು ಮನೆಗೆ ಹೋಗ್ತಾರೆ. ಸ್ಪೀಕರ್ ಮೇಲಿನ ತೆರಿಗೆ ಮಾತ್ರ ಮೊದಲೂ ಶೇ 18, ಈಗಲೂ ಶೇ 18. ಅದರಲ್ಲಿ ಸುದ್ದಿ ಏನೂ ಇಲ್ಲ ಅಂತ ಅನ್ನಿಸಬಹುದು. ಆದ್ರೆ ಈ ಊರಲ್ಲಿ ಮರದ ಬಾಕ್ಸ್ ಮಾಡಿ, ಅದಕ್ಕೆ ವೂಫರ್ ಟ್ವೀಟರ್ ಕೂರಿಸಿ, ಕ್ರಾಸ್‌ಓವರ್ ಬೆಸುಗೆ ಹಾಕಿ ಹೊಟ್ಟೆ ಹೊರಕೊಳ್ಳೋ ಒಂದಿಷ್ಟು ಜನ ಇದ್ದಾರೆ. ಅವರ ಲೆಕ್ಕದಲ್ಲಿ ಈ ಹಬ್ಬ ಎಲ್ಲ ಹಬ್ಬದ ಹಾಗಲ್ಲ.

ಇವರ ಅಂಗಡಿಗೆ ಬೋರ್ಡ್ ಇದ್ರೆ ಅದರ ಮೇಲೆ 'ರೇಡಿಯೋ ಟಿವಿ ರಿಪೇರಿ' ಅಂತಾನೋ 'ಸೌಂಡ್ ಸಿಸ್ಟಂ' ಅಂತಾನೋ ಇರ್ತದೆ. ಸ್ಪೀಕರ್ ತಯಾರಕರು ಅಂತ ಯಾರೂ ಬರೆಸಲ್ಲ. ಬಾಕ್ಸ್ ಮೇಲೂ ಹೆಸರು ಇರಲ್ಲ. ಮುಂದೆ ಒಂದು ಬಟ್ಟೆ ಜಾಲರಿ, ಹಿಂದೆ ಕೆಂಪು ಕಪ್ಪು ಎರಡು ಟರ್ಮಿನಲ್, ಅಷ್ಟೇ. ಯಾರು ಮಾಡಿದ್ದು ಅಂತ ಕೇಳಿದ್ರೆ ಮನೆಯವರು 'ಇಲ್ಲೇ ಒಬ್ರು ಹತ್ರ ಮಾಡಿಸಿದ್ದು' ಅಂತಾರೆ. ಈ 'ಇಲ್ಲೇ ಒಬ್ರು' ಅನ್ನೋ ಮನುಷ್ಯನ ಬಗ್ಗೆಯೇ ಈ ಬರಹ.

ನಾನು ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟ ಮೇಲೆ ಒಂದು ವರ್ಷಕ್ಕೂ ಹೆಚ್ಚು ಇಂಥ ಒಂದು ಅಂಗಡಿಯಲ್ಲಿ ಹೆಲ್ಪರ್ ಆಗಿದ್ದೆ. ಹೆಸರು ಬೇಡ, ಅವರಿಗೂ ಬೇಕಿಲ್ಲ. ಅಲ್ಲಿ ನೋಡಿದ್ದರ ಮೇಲೆ ಹೇಳೋದಾದ್ರೆ ಕೆಲಸ ಮೂರು ತರ. ವರ್ಷವಿಡೀ ರಿಪೇರಿ. ಗಣೇಶ ಹಬ್ಬ, ಜಾತ್ರೆ, ಮದುವೆ ಸೀಸನ್‌ಗೆ ಡಿಜೆ ಬಾಕ್ಸ್. ಸಿರುಗುಪ್ಪ ಕಡೆ ಭತ್ತದ ದುಡ್ಡು ಕೈಗೆ ಬಂದಾಗ ಟ್ರ್ಯಾಕ್ಟರ್‌ಗೆ ಡೆಕ್ಕು, ಬಾಕ್ಸು. ಇದರ ನಡುವೆ ಯಾವಾಗಲೋ ಒಮ್ಮೆ, ಯಾರೋ ಒಬ್ಬ ಹಾಡಿನ ಹುಚ್ಚಿನ ಮೇಷ್ಟ್ರೋ ಬ್ಯಾಂಕಿನವರೋ ಬಂದು, ಮನೆಯಲ್ಲಿ ಕೂತು ಕೇಳೋಕೆ ಒಂದು ಜೊತೆ ಒಳ್ಳೆ ಸ್ಪೀಕರ್ ಮಾಡಿಕೊಡ್ರಿ ಅಂತಿದ್ರು. ಆವತ್ತು ನಮ್ಮ ಮಾಲೀಕರ ಮುಖ ನೋಡಬೇಕಿತ್ತು. ಲಾಭ ಕಡಿಮೆ ಬರೋ ಕೆಲಸ ಅದು, ಆದ್ರೆ ಖುಷಿಯಿಂದ ಮಾಡ್ತಿದ್ದದ್ದು ಅದೊಂದೇ.

ಒಳ್ಳೆ ಮನೆ ಸ್ಪೀಕರ್ ಅಂದ್ರೆ ದೊಡ್ಡ ಸದ್ದಲ್ಲ. ಆರೂವರೆ ಇಂಚಿನ ಒಂದು ವೂಫರ್‌ಗೆ ಸುಮಾರು ಹದಿನೈದು ಹದಿನೆಂಟು ಲೀಟರ್ ಗಾಳಿ ಹಿಡಿಯೋ ಬಾಕ್ಸ್ ಬೇಕು. ಕಡಿಮೆ ಆದ್ರೆ ಬಾಸ್ ಉಬ್ಬರಿಸ್ತದೆ, ಜಾಸ್ತಿ ಆದ್ರೆ ಸಡಿಲ ಆಗ್ತದೆ. ಪೋರ್ಟ್ ಅಂತ ಒಂದು ತೂತು, ಅದಕ್ಕೆ ನಮ್ಮ ಕಡೆ ಎಲ್ಲರೂ ಹಾಕೋದು ಪಿವಿಸಿ ಪೈಪ್ ತುಂಡು. ಆ ಪೈಪಿನ ಉದ್ದ ಅರ್ಧ ಇಂಚು ಹೆಚ್ಚು ಕಡಿಮೆ ಆದ್ರೂ ತಬಲದ ಡಗ್ಗ ಬೇರೆ ತರ ಕೇಳ್ತದೆ. ಇದರ ಲೆಕ್ಕವನ್ನ ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ ಅನ್ನೋರು 1961ರಲ್ಲೇ ಬರೆದಿಟ್ಟರು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನ ಮುಂದುವರಿಸಿದರು. ಇವತ್ತಿಗೂ ಜಗತ್ತಿನ ಎಲ್ಲ ಕಂಪನಿಗಳು ಬಳಸೋದು ಅವರಿಬ್ಬರ ಹೆಸರಿನ ಅಳತೆಗಳನ್ನೇ. ನಮ್ಮ ಮಾಲೀಕರು ಆ ಹೆಸರು ಕೇಳಿರಲಿಲ್ಲ. ಆದ್ರೆ ಪೈಪನ್ನ ಮೊದಲು ಉದ್ದ ಇಟ್ಟು, ಹಾಡು ಹಾಕಿ, ಹ್ಯಾಕ್ಸಾದಿಂದ ಒಂದೊಂದೇ ಚೂರು ಕುಯ್ಯುತ್ತಾ ಬರ್ತಿದ್ರು. ಒಂದು ಹಂತಕ್ಕೆ ಬಂದಾಗ 'ಸಾಕು, ಇಲ್ಲಿಗೆ ನಿಲ್ತು' ಅಂತಿದ್ರು. ಅದು ನಿಲ್ತಿತ್ತು ಕೂಡ.

ಇಷ್ಟು ಕೈಗುಣ ಇದ್ದೋರು ಯಾಕೆ ಬೆಳೀಲಿಲ್ಲ?

ಮೊದಲ ಕಾರಣ ಎಲ್ಲರೂ ಹೇಳೋದೇ, ಚೀನಾ ಮಾಲು. ಅದು ಅರ್ಧ ಸತ್ಯ. ಇನ್ನರ್ಧ ನಾವೇ ಮಾಡಿಕೊಂಡಿದ್ದು. ಅದರ ಹೆಸರು ಪಿಎಂಪಿಒ. 5.1 ಹೋಮ್ ಥಿಯೇಟರ್ ಡಬ್ಬಿಗಳ ಮೇಲೆ 5000 ವ್ಯಾಟ್, 8000 ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಇರ್ತಿತ್ತಲ್ಲ, ಅದು. ಒಳಗೆ ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಇರ್ತಿದ್ದದ್ದು 4440 ಐಸಿ. ಅದರ ತಾಕತ್ತು ಒಂದು ಚಾನೆಲ್‌ಗೆ 6 ವ್ಯಾಟ್, ಎರಡನ್ನೂ ಬ್ರಿಜ್ ಮಾಡಿದ್ರೆ 19. ಹತ್ತೊಂಬತ್ತು ವ್ಯಾಟ್ ಎಲ್ಲಿ, ಐದು ಸಾವಿರ ಎಲ್ಲಿ! ಬೆಂಗಳೂರಿನ ಎಸ್‌ಪಿ ರಸ್ತೆಯಿಂದ, ಹೈದರಾಬಾದಿನ ಕೋಠಿಯಿಂದ ಸಾಮಾನು ತಂದು ಜೋಡಿಸೋ ನಮ್ಮ ಕಡೆಯವರೂ ಅದೇ ಸ್ಟಿಕ್ಕರ್ ಅಂಟಿಸಿದ್ರು. ಅಂಟಿಸದಿದ್ರೆ ಗಿರಾಕಿ ತಗೊಳ್ತಿರಲಿಲ್ಲ, ಅದೂ ನಿಜ.

ವ್ಯಾಟ್ ಎರಡು ಪಟ್ಟು ಮಾಡಿದ್ರೆ ಸದ್ದು ಏರೋದು 3 ಡೆಸಿಬಲ್ ಮಾತ್ರ. ಅದು ಕಿವಿಗೆ ಸ್ವಲ್ಪ ಏರಿದ ಹಾಗೆ ಅನ್ನಿಸ್ತದೆ, ಅಷ್ಟೇ. ಸದ್ದು ಎರಡು ಪಟ್ಟಾಯ್ತು ಅನ್ನಿಸಬೇಕು ಅಂದ್ರೆ ಹತ್ತು ಪಟ್ಟು ವ್ಯಾಟ್ ಬೇಕು. ಒಂದು ವ್ಯಾಟ್‌ಗೆ 85 ಡೆಸಿಬಲ್ ಕೊಡೋ ಸ್ಪೀಕರ್ ಬದಲು 88 ಕೊಡೋದನ್ನ ಆರಿಸಿದ್ರೆ ಅರ್ಧ ವ್ಯಾಟ್‌ನಲ್ಲೇ ಅದೇ ಕೆಲಸ ಆಗ್ತದೆ. ಈ ಸರಳ ಲೆಕ್ಕ ಗಿರಾಕಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದೋರು ಸ್ಟಿಕ್ಕರ್ ಅಂಟಿಸ್ತಾ ಕೂತಿದ್ರು. ಯಾವಾಗ ಎಲ್ಲರ ಸ್ಟಿಕ್ಕರ್ ಸುಳ್ಳು ಅಂತ ಗೊತ್ತಾಯ್ತೋ ಆವಾಗ ಜನ ಬ್ರಾಂಡ್ ಕಡೆ ಹೋದ್ರು. ಅವರದ್ದೇನು ತಪ್ಪು?

ಎರಡನೇದು ಡಿಜೆ. ಇದು ಸೂಕ್ಷ್ಮ ವಿಷಯ, ಹಬ್ಬದ ಮಾತು ಬಂದ್ರೆ ಜಗಳ ಆಗ್ತದೆ, ಅದಕ್ಕೆ ಕಾನೂನು ಮಾತ್ರ ಹೇಳ್ತೀನಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್. ಹಬ್ಬಕ್ಕೆ ಅಂತ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿ ಹಿಡಿದಿದೆ. ಇಷ್ಟು ವರ್ಷ ಕಾಗದದಲ್ಲಿದ್ದದ್ದು ಈಗ ರಸ್ತೆಗೆ ಬರ್ತಿದೆ. ಗಣೇಶ ಹಬ್ಬ ಹತ್ತಿರ ಬಂದ್ರೆ ರಾಜ್ಯದ ಜಿಲ್ಲೆ ಜಿಲ್ಲೆಯಲ್ಲಿ ಪೊಲೀಸರು ಶಾಂತಿ ಸಭೆ ಕರೆದು ಡಿಜೆ ಬೇಡ ಅಂತಾರೆ. ಮಕ್ಕಳು, ವಯಸ್ಸಾದೋರು ಇರೋ ಮನೆಯವರಿಗೆ ಇದು ನೆಮ್ಮದಿ. ನನಗೂ ಒಪ್ಪಿಗೆ ಇದೆ, ಹದಿನೆಂಟು ಇಂಚಿನ ಬಾಕ್ಸ್ ಮುಂದೆ ನಿಂತು ಕಿವಿ ಗುಯ್‌ಗುಟ್ಟಿದ ಅನುಭವ ನನಗೂ ಇದೆ.

ಆದ್ರೆ ಬಾಕ್ಸ್ ಮಾಡೋನ ಕಡೆಯಿಂದ ನೋಡ್ರಿ. ಅವನ ವರ್ಷದ ಗಳಿಕೆಯ ದೊಡ್ಡ ಪಾಲು ಆ ಎರಡು ಮೂರು ತಿಂಗಳಿನ ಡಿಜೆ ಕೆಲಸದಿಂದ. ಅದು ನಿಧಾನಕ್ಕೆ ಮುಚ್ಚಿಕೊಳ್ತಿದೆ. ಆ ಕಡೆ ಮನೆ ಸ್ಪೀಕರ್‌ನ ಗಿರಾಕಿಯನ್ನ ಸೌಂಡ್‌ಬಾರ್ ತಗೊಂಡು ಹೋಯ್ತು. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದ್ರೆ ಪ್ಲೈವುಡ್ ಕುಯ್ಯೋದು, ಕಾಯಿಲ್ ಸುತ್ತೋದು, ಕೋನ್ ಹಾಕೋದು ಗೊತ್ತಿರೋ ಕೈಗಳು ಎಲ್ಲಿಗೆ ಹೋಗಬೇಕು? ಹೋಗ್ತಿರೋದು ಸಿಸಿಟಿವಿ ಫಿಟಿಂಗ್‌ಗೆ, ಇಲ್ಲ ತೋರಣಗಲ್ಲು ಕಡೆ ಗುತ್ತಿಗೆ ಕೆಲಸಕ್ಕೆ. ನನ್ನ ಜೊತೆ ಹೆಲ್ಪರ್ ಆಗಿದ್ದ ಹುಡುಗ ಈಗ ಸಿಸಿಟಿವಿ ಹಾಕ್ತಾನೆ.

ಸರ್ಕಾರದ ಯೋಜನೆ ಇಲ್ವಾ ಅಂದ್ರೆ, ಇದೆ. ಇಲ್ಲೇ ತಮಾಷೆ ಇರೋದು. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಇವೆ. ಬಡಗಿ ಇದ್ದಾನೆ, ಕಮ್ಮಾರ, ಕುಂಬಾರ, ದರ್ಜಿ, ಬೀಗ ಮಾಡೋನು, ಗೊಂಬೆ ಮಾಡೋನು ಎಲ್ಲ ಇದ್ದಾರೆ. ಉಪಕರಣಕ್ಕೆ 15 ಸಾವಿರ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಸ್ಪೀಕರ್ ಬಾಕ್ಸಿನ ಮರ ಕುಯ್ಯೋ ಬಡಗಿಗೆ ಇದು ಸಿಗಬಹುದು. ಆ ಮರದ ಡಬ್ಬಿಯನ್ನ ಹಾಡೋ ಹಾಗೆ ಮಾಡೋನಿಗೆ ಸಿಗಲ್ಲ. ರೇಡಿಯೋ ಮೆಕ್ಯಾನಿಕ್ಕು, ಕಾಯಿಲ್ ಸುತ್ತೋನು ಆ ಪಟ್ಟಿಯಲ್ಲಿ ಇಲ್ಲ. ಅವನದ್ದು ಸಾಂಪ್ರದಾಯಿಕ ಕಸುಬು ಅಲ್ವಂತೆ. ಅಪ್ಪ ಮಗ ಇಬ್ಬರೂ ಅದೇ ಅಂಗಡಿಯಲ್ಲಿ ಬೆಸುಗೆ ಹಾಕಿದ್ರೂ ಅದು ಸಂಪ್ರದಾಯ ಅಲ್ಲ.

ಹಾಗಂತ ಪೂರ್ತಿ ದಾರಿ ಇಲ್ಲ ಅಂತಲ್ಲ, ಗೊತ್ತಿಲ್ಲದಿರೋದೇ ಹೆಚ್ಚು. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ, ಆಧಾರ್ ಇದ್ರೆ ಆನ್‌ಲೈನ್‌ನಲ್ಲೇ ಆಗ್ತದೆ, ಒಂದು ರೂಪಾಯಿ ಫೀ ಇಲ್ಲ. (ಸೆಂಟರ್‌ನಲ್ಲಿ ಯಾರಾದ್ರೂ ಐನೂರು ಸಾವಿರ ಕೇಳಿದ್ರೆ ಅದು ಅವರ ಫೀ, ಸರ್ಕಾರದ್ದಲ್ಲ.) ಅದರಲ್ಲಿ ಕಸುಬಿನ ಕೋಡ್ ಆರಿಸುವಾಗ ಬಹಳ ಜನ 'ರಿಪೇರಿ' ಅಂತ ಹಾಕ್ತಾರೆ. 2640 ಅನ್ನೋ ಕೋಡ್ ಇದೆ, ಗ್ರಾಹಕ ಎಲೆಕ್ಟ್ರಾನಿಕ್ಸ್ ತಯಾರಿಕೆ, ಸ್ಪೀಕರ್ ಮಾಡೋದು ಅದರೊಳಗೇ ಬರ್ತದೆ. ರಿಪೇರಿ ಅಂತ ಹಾಕಿದ್ರೆ ನೀವು ಸೇವೆ ಕೊಡೋರು. 2640 ಅಂತ ಹಾಕಿದ್ರೆ ನೀವು ತಯಾರಕರು. ಪಿಎಂಇಜಿಪಿ ಅಡಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆಗೆ ಸಾಲ ಇದೆ, ವರ್ಗ ಮತ್ತು ಜಾಗ ನೋಡಿ ಶೇ 15ರಿಂದ 35ರವರೆಗೆ ಸಬ್ಸಿಡಿ. ಕುರುಗೋಡಿನ ಹಳ್ಳಿಯಲ್ಲಿ ಶೆಡ್ ಹಾಕಿದ್ರೆ ನಗರದಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಸಬ್ಸಿಡಿ.

ಭಯ ಮಾತ್ರ ಬೇರೆ ಕಡೆಯಿಂದ ಇದೆ. ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ತರಕಾರಿಯವರಿಗೆಲ್ಲ ವಾಣಿಜ್ಯ ತೆರಿಗೆ ನೋಟಿಸ್ ಬಂದಾಗ ಸ್ಕ್ಯಾನರ್ ತೆಗೆದಿಟ್ಟ ಅಂಗಡಿಗಳು ಎಷ್ಟೋ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದ್ರೆ ಮಾತ್ರ ನೋಂದಣಿ ಕಡ್ಡಾಯ. ಬಾಕ್ಸ್ ಮಾಡೋ ಒಬ್ಬ ಮನುಷ್ಯ ಆ ಗೆರೆ ಹತ್ತಿರಕ್ಕೂ ಹೋಗಲ್ಲ. ಆದ್ರೂ ಬಿಲ್ ಅಂದ್ರೆ ಹೆದರಿಕೆ.

ಇನ್ನೊಂದು ನಿಯಮವನ್ನ ತಿಳಕೊಂಡಿರೋದು ಒಳ್ಳೇದು. ಬ್ಲೂಟೂತ್ ಸ್ಪೀಕರ್ ಬಿಐಎಸ್ ಕಡ್ಡಾಯ ನೋಂದಣಿ ಪಟ್ಟಿಯಲ್ಲಿ ಇದೆ, 200 ವ್ಯಾಟ್ ಇನ್‌ಪುಟ್ ಮೇಲಿನ ಮ್ಯೂಸಿಕ್ ಸಿಸ್ಟಂ ಕೂಡ. ಅಂದ್ರೆ ನೂರಿನ್ನೂರು ರೂಪಾಯಿಯ ಬ್ಲೂಟೂತ್ ಬೋರ್ಡ್ ಒಳಗೆ ಕೂರಿಸಿ ಮಾರಿದ ಕೂಡಲೇ ನೀವು ಲ್ಯಾಬ್ ಟೆಸ್ಟ್, ನೋಂದಣಿಯ ಲೋಕಕ್ಕೆ ಬಂದ್ರಿ. ಆ ಖರ್ಚು ಸಣ್ಣವರ ಕೈಲಿ ಆಗಲ್ಲ. ಕರೆಂಟ್ ವೈರೇ ಇಲ್ಲದ, ಆಂಪ್ಲಿಫೈಯರ್‌ಗೆ ಜೋಡಿಸೋ ಬರೀ ಸ್ಪೀಕರ್ ಜೋಡಿ ಆ ಪಟ್ಟಿಯಲ್ಲಿ ಇಲ್ಲ. ನಮ್ಮವರಿಗೆ ಚೆನ್ನಾಗಿ ಬರೋದೂ ಅದೇ. ಕಾನೂನು ಗೊತ್ತಿಲ್ಲದೇನೇ ಸರಿಯಾದ ಕಡೆ ನಿಂತಿದ್ದಾರೆ.

ಸಣ್ಣೂರಿನಿಂದ ಒಳ್ಳೆ ಸ್ಪೀಕರ್ ಹೋಗೋದು ಸಾಧ್ಯಾನಾ? ಹೋಗಿದೆ. ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ಅನ್ನೋರು ಬಟ್ಟೆ ವ್ಯಾಪಾರದಲ್ಲಿ ಇದ್ದೋರು. 1932ರಲ್ಲಿ ಇಲ್ಕ್ಲಿ ಅನ್ನೋ ಸಣ್ಣ ಊರಲ್ಲಿ, ಮನೆಯ ನೆಲಮಾಳಿಗೆಯಲ್ಲಿ ಮೊದಲ ಸ್ಪೀಕರ್ ಮಾಡಿದರು. ಅಲ್ಲಿನ ಕಣಿವೆಯ ಹೆಸರನ್ನೇ ಇಟ್ಟರು, ವಾರ್ಫ್‌ಡೇಲ್. ಇವತ್ತು ಆ ಕಂಪನಿ ಚೀನಾದ ಗುಂಪಿನ ಕೈಯಲ್ಲಿದೆ, ಹೆಸರು ಮಾತ್ರ ಆ ಕಣಿವೆಯದ್ದೇ. ಅಮೆರಿಕದಲ್ಲಿ ಪಾಲ್ ಕ್ಲಿಪ್ಷ್ 1946ರಲ್ಲಿ ಶುರು ಮಾಡಿದ್ದು ಅರ್ಕಾನ್ಸಾದ ಹೋಪ್ ಅನ್ನೋ ಊರಲ್ಲಿ. ಕಲ್ಲಂಗಡಿಗೆ ಹೆಸರಾದ ಊರು ಅದು.

ನಮ್ಮ ದೇಶದಲ್ಲೇ ನೋಡೋದಾದ್ರೆ ಕೊಚ್ಚಿಯ ರಿದಂ. ಜೇಕಬ್ ಜಾರ್ಜ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು. ಮೊದಲು ಇಂಗ್ಲೆಂಡಿನ ಲೋಥರ್ ಡ್ರೈವರ್ ಇಟ್ಟುಕೊಂಡು ಶುರು ಮಾಡಿ, ಭಾವ, ಮಾರ್ಗ, ಸಾಧನ ಅಂತ ಹೆಸರಿಟ್ಟು ಹೊರದೇಶಕ್ಕೆ ಕಳಿಸಿದರು. ಪುಣೆಯ ಕೇಡೆನ್ಸ್ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್‌ಗೆ ಹೆಸರು ಮಾಡಿದೆ, ಅದರಲ್ಲಿ ಕೋನ್ ಬದಲು ತೆಳ್ಳನೆ ಹಾಳೆಯೇ ಅಲುಗಿ ಸದ್ದು ಕೊಡ್ತದೆ. ಕೋಲ್ಕತ್ತದ ಸೋನೋಡೈನ್ 1970ರಿಂದ ಇದೆ, ಈಗ ಸ್ಟುಡಿಯೋಗಳಿಗೆ ಮಾಡ್ತದೆ. ಇವರ್ಯಾರೂ ಬೆಲೆಯಲ್ಲಿ ಚೀನಾದ ಜೊತೆ ಓಡಲಿಲ್ಲ. ಬಾಕ್ಸ್ ಮೇಲೆ ಹೆಸರು ಹಾಕಿದ್ರು, ಅಳತೆ ಬರೆದ್ರು, ಕೆಟ್ಟರೆ ಯಾರನ್ನ ಕೇಳಬೇಕು ಅಂತ ಗಿರಾಕಿಗೆ ಗೊತ್ತಿತ್ತು.

ನಮ್ಮಲ್ಲಿ ಇಲ್ಲದಿರೋದು ಈ ಮೂರೇ. ಅದರಲ್ಲಿ ಅಳತೆ ಈಗ ಅಂಥ ಕಷ್ಟವೂ ಅಲ್ಲ. ರೂಮ್ ಇಕ್ಯೂ ವಿಝಾರ್ಡ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ, ಬಾಕ್ಸ್ ಲೆಕ್ಕಕ್ಕೆ ವಿನ್‌ಐಎಸ್‌ಡಿ ಪುಕ್ಕಟೆ. ಒಂದು ಅಳತೆ ಮೈಕ್, ಒಂದು ಹಳೆ ಲ್ಯಾಪ್‌ಟಾಪ್ ಇದ್ರೆ ಯಾವ ಸ್ವರ ಎಷ್ಟು ಏರಿದೆ, ಎಲ್ಲಿ ಕುಸಿದಿದೆ ಅಂತ ಗೆರೆ ಎಳೆದು ತೋರಿಸ್ತದೆ. ಊರಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿವೆ, ಎಲೆಕ್ಟ್ರಾನಿಕ್ಸ್ ಓದೋ ಮಕ್ಕಳು ಪ್ರಾಜೆಕ್ಟ್‌ಗೆ ಅದದೇ ಸೆನ್ಸಾರ್ ಬೋರ್ಡ್ ಕೊಂಡು ತಂದು ತೋರಿಸ್ತಾರೆ. ಅವರಲ್ಲಿ ನಾಲ್ಕು ಜನ ಒಂದು ಬಾಕ್ಸ್ ಅಂಗಡಿಗೆ ಹೋಗಿ ಅಳೆದುಕೊಟ್ಟರೆ ಇಬ್ಬರಿಗೂ ಆಗ್ತದೆ. ಕಾಲೇಜು ಬಿಟ್ಟೋನು ಕಾಲೇಜಿನವರಿಗೆ ಬುದ್ಧಿ ಹೇಳೋದು ಸರಿ ಕಾಣಲ್ಲ, ಆದ್ರೂ ಹೇಳಿದೆ.

ಸಾಮಾನಿನ ವಿಷಯದಲ್ಲಿ ಬಳ್ಳಾರಿಗೆ ಒಂದು ಅನುಕೂಲ ಇದೆ, ಯಾರ ಗಮನಕ್ಕೂ ಬಂದಿಲ್ಲ. ಸ್ಪೀಕರ್ ಬಾಕ್ಸ್ ಒಳಗೆ ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಹತ್ತಿ ತರದ್ದೇನಾದ್ರೂ ತುಂಬ್ತಾರೆ. ಅಮೆರಿಕದ ಅರಿಝೋನಾದಲ್ಲಿ ಒಂದು ಕಂಪನಿ ಹಳೆ ಜೀನ್ಸ್ ಬಟ್ಟೆಯನ್ನ ಎಳೆ ಬಿಡಿಸಿ ಹಾಸು ಮಾಡಿ ಮಾರ್ತದೆ, ಮನೆ ಗೋಡೆಗೂ ಸದ್ದು ಹೀರೋಕೂ ಅದನ್ನ ಬಳಸ್ತಾರೆ, ಅಲ್ಲಿನ ಹವ್ಯಾಸಿಗಳು ಸ್ಪೀಕರ್ ಒಳಗೂ ತುಂಬ್ತಾರೆ. ಜೀನ್ಸ್ ಚಿಂದಿಗೆ ನಮ್ಮೂರಲ್ಲಿ ಬರವಾ? ಹೊಲಿಗೆ ಘಟಕಗಳ ಹಿಂದೆ ಮೂಟೆಗಟ್ಟಲೆ ಬಿದ್ದಿರ್ತದೆ. 2023ರ ಚುನಾವಣೆಯಿಂದ ಈಚೆಗೆ ಜೀನ್ಸ್ ಪಾರ್ಕ್ ಮಾತು ಕೇಳ್ತಾನೇ ಇದ್ದೀವಿ, ಅದು ಬಂದಾಗ ಬರಲಿ, ಚಿಂದಿ ಈಗಲೇ ಇದೆ. ಬಾಕ್ಸ್ ಇಡೋ ಸ್ಟ್ಯಾಂಡ್‌ಗೆ ಕಡಪ ಕಲ್ಲು ಸಾಕು. ಭಾರ ಇದೆ, ಅಲುಗಲ್ಲ, ಅಗ್ಗ.

ಬಿಸಿಲು ಮಾತ್ರ ವೈರಿ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟೋ ಊರು ಇದು. ಅಗ್ಗದ ಪ್ಲೈವುಡ್ ಬಿರುಕು ಬಿಡ್ತದೆ, ಫೋಮ್ ಸರೌಂಡ್ ಕೆಲವು ವರ್ಷಕ್ಕೆ ಪುಡಿ ಪುಡಿ ಆಗ್ತದೆ. ರಬ್ಬರ್ ಸರೌಂಡ್ ಇರೋ ವೂಫರ್, 18 ಎಂಎಂ ಎಂಡಿಎಫ್, ಒಳಗೂ ಹೊರಗೂ ಸೀಲರ್. ಇದನ್ನ ಊರಿನವನೇ ಸರಿಯಾಗಿ ಮಾಡಬಲ್ಲ, ಯಾಕಂದ್ರೆ ಹಾಳಾಗಿ ಬಂದದ್ದನ್ನ ಬಿಚ್ಚಿ ನೋಡಿರೋನು ಅವನೇ.

ಈ ಬರಹಕ್ಕೆ ಅಂತಲ್ಲ, ಮನೆಗೆ ಬೇಕಿತ್ತು ಅಂತ ಈ ವರ್ಷ ನಾನೂ ಒಂದು ಜೋಡಿ ಮಾಡಿಸಿದೆ. ಖರ್ಚು ಬರೆದಿಟ್ಟಿದ್ದೀನಿ: ವೂಫರ್ ಜೋಡಿ 2,600, ಟ್ವೀಟರ್ ಜೋಡಿ 1,100, ಕ್ರಾಸ್‌ಓವರ್ ಸಾಮಾನು 1,250, ಎಂಡಿಎಫ್ ಅರ್ಧ ಶೀಟ್ 1,400, ಕಟಿಂಗ್ ಮತ್ತು ಬಡಗಿ ಕೂಲಿ 1,800, ಟರ್ಮಿನಲ್, ಅಂಟು, ಸ್ಕ್ರೂ, ಬಣ್ಣ ಸೇರಿ 650. ಒಟ್ಟು 8,800. ಮಾಡಿಕೊಟ್ಟವರು ಕೇಳಿದ್ದು 10,500. ಅಂದ್ರೆ ಒಂದು ವಾರ ಸಂಜೆ ಕೂತು ಪೈಪ್ ಕುಯ್ದು, ಕೆಪಾಸಿಟರ್ ಬದಲಿಸಿ, ಮತ್ತೆ ಮತ್ತೆ ಕೇಳಿ ಸರಿ ಮಾಡಿದ್ದಕ್ಕೆ ಅವರು ಹಾಕಿಕೊಂಡ ಬೆಲೆ 1,700 ರೂಪಾಯಿ. ಬಡಗಿಯ ಕೂಲಿಗಿಂತ ನೂರು ಕಮ್ಮಿ. ಅವರ ಪ್ರಕಾರ ಕಿವಿಗೆ ಕೂಲಿ ಇಲ್ಲ. ಈ ಬೆಲೆಗೆ ಯಾವ ಮಗನೂ ಅಪ್ಪನ ಅಂಗಡಿಯಲ್ಲಿ ಕೂರಲ್ಲ.

ಹಾಗಾದ್ರೆ 15,000 ಕೇಳಬಹುದಾ? ಕೇಳಬಹುದು, ಗಿರಾಕಿ ಕೇಳಿ ನೋಡಿದ್ರೆ. ತೊಂದರೆ ಅಂದ್ರೆ ಕೇಳಿಸೋ ಜಾಗ ಇಲ್ಲ. ಅಂಗಡಿ ಇರೋದು ರಸ್ತೆ ಮೇಲೆ, ಆಟೋ ಹಾರ್ನ್ ನಡುವೆ. ಅಲ್ಲಿ ಎದ್ದು ಕೇಳೋದು ಬಾಸ್ ಮಾತ್ರ. ಆಗ ಗಿರಾಕಿಗೆ ಡಿಜೆ ಬಾಕ್ಸೇ ಚೆನ್ನಾಗಿದೆ ಅನ್ನಿಸ್ತದೆ. ಬ್ರಿಗ್ಸ್ ಇದಕ್ಕೆ ಒಂದು ಉಪಾಯ ಮಾಡಿದ್ದರು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಹಿಡಿದು, ವೇದಿಕೆ ಮೇಲೆ ವಾದಕರನ್ನ ಕೂರಿಸಿ, ಅವರು ನುಡಿಸಿದ್ದನ್ನೂ ಸ್ಪೀಕರ್‌ನಿಂದ ಬಂದದ್ದನ್ನೂ ಜನರಿಗೆ ಒಂದರ ಪಕ್ಕ ಒಂದು ಕೇಳಿಸಿದರು. ನಮಗೆ ರಾಘವ ಕಲಾಮಂದಿರ ಇದೆ. ರಂಗಗೀತೆ ಹಾಡೋರು, ಹಾರ್ಮೋನಿಯಂ ಬಾರಿಸೋರು ಈ ಊರಲ್ಲಿ ಇನ್ನೂ ಇದ್ದಾರೆ. ನಾಲ್ಕೈದು ಜನ ಬಾಕ್ಸ್ ಮಾಡೋರು ಸೇರಿ ಒಂದು ಸಂಜೆ ಬಾಡಿಗೆಗೆ ಹಿಡಿದು, ಅಲ್ಲೇ ಹಾಡಿಸಿ, ಅಲ್ಲೇ ರೆಕಾರ್ಡ್ ಮಾಡಿ, ತಮ್ಮ ತಮ್ಮ ಬಾಕ್ಸ್‌ನಲ್ಲಿ ಹಾಕಿ ತೋರಿಸಲಿ. ಯಾರದ್ದು ಗಂಟಲು, ಯಾರದ್ದು ಡಬ್ಬಿ ಅಂತ ಅಲ್ಲೇ ಗೊತ್ತಾಗ್ತದೆ. ಕನ್ನಡ ತೆಲುಗು ಎರಡೂ ಹಾಡಿನಲ್ಲಿ ಬೆಳೆದ ಕಿವಿ ಬಳ್ಳಾರಿಯವರದ್ದು, ಅದಕ್ಕೆ ಮೋಸ ಮಾಡೋದು ಸುಲಭ ಅಲ್ಲ.

ನನ್ನ ಜೋಡಿ ಈಗ ಮನೆಯಲ್ಲಿ ಕಡಪ ಕಲ್ಲಿನ ಮೇಲೆ ಕೂತಿದೆ. ಅವ್ವ ಬೆಳಿಗ್ಗೆ ಭಜನೆ ಹಾಕ್ತಾಳೆ, ತಂಬೂರಿಯ ತಂತಿ ಬೇರೆ ಬೇರೆ ಕೇಳ್ತದೆ ಅಂತಾಳೆ. ಹಿಂದೆ ಹೆಸರು ಬರೀರಿ ಅಂತ ಮಾರ್ಕರ್ ತಗೊಂಡು ಹೋಗಿದ್ದೆ. ನಕ್ಕು, 'ಕೆಟ್ಟರೆ ಫೋನ್ ಮಾಡು' ಅಂದ್ರು. ಉದ್ಯಮ್ ನೋಂದಣಿಗೆ ಆಧಾರ್ ತರ್ತೀನಿ ಅಂತ ಹೇಳಿ ಮೂರು ವಾರ ಆಯ್ತು. ಬಿಲ್ ಕೂಡ ಇನ್ನೂ ಕೊಟ್ಟಿಲ್ಲ.